ಕೆಳಗಿನ ಶೆಲ್ಫಿನ ತಂಪು

ನಿಮ್ಮ ಹಳೆಯ ಕೋಣೆ, ಮೂರನೇ ಮಹಡಿ
ಭಾನುವಾರ, ಮಾರ್ಚ್ ೧೭, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿಮ್ಮನ್ನು ಅಕ್ಕಾ ಎಂದು ಕರೆಯಬಹುದಲ್ಲವೇ? ಮೊದಲು ‘ಅತ್ತಿಗೆಯವರಿಗೆ’ ಎಂದು ಶುರು ಮಾಡಿದ್ದೆ. ಓದಿ ನೋಡಿದರೆ ರಜೆ ಕೇಳಿ ಬರೆದ ಅರ್ಜಿಯ ಹಾಗಿತ್ತು, ಹರಿದು ಹಾಕಿದೆ. ಹೇಗಿದ್ದೀರಿ? ಚಳಿ ಬಿದ್ದರೆ ನಿಮಗೆ ಒಣಕೆಮ್ಮು ಹಿಡಿದುಕೊಳ್ಳುತ್ತಿತ್ತಂತೆ, ಈ ಸಲ ಹೇಗಿತ್ತು? ಹೊತ್ತು ಹೊತ್ತಿಗೆ ಊಟ ಮಾಡುತ್ತೀರೋ, ಇಲ್ಲಾ ಈ ಮನೆಯವರೆಲ್ಲರ ಹಾಗೆ ನಿಂತುಕೊಂಡೇ ಬ್ರೆಡ್ಡು ತಿಂದು ಓಡುತ್ತೀರೋ? ಮುಖ ನೋಡದವಳು ಅಜ್ಜಿಯ ಹಾಗೆ ವಿಚಾರಿಸುತ್ತಿದ್ದಾಳಲ್ಲ ಎಂದು ನಗಬೇಡಿ. ನಾನು ನಿಮ್ಮ ತಮ್ಮನ ಹೆಂಡತಿ. ಹೆಂಡತಿ! ಮದುವೆಯಾಗಿ ಮೂರು ತಿಂಗಳಾದರೂ ಆ ಪದ ಬರೆಯುವಾಗ ಯಾರದೋ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ನಡೆದಂತಾಗುತ್ತದೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಕನ್ನಡದಲ್ಲಿ ಇಷ್ಟುದ್ದದ ಪತ್ರ ಬರೆಯುವುದು ಇದೇ ಮೊದಲು. ಒತ್ತಕ್ಷರ ಎಲ್ಲಾದರೂ ಬಿದ್ದುಹೋಗಿದ್ದರೆ ನೀವೇ ಎತ್ತಿ ಸೇರಿಸಿಕೊಳ್ಳಿ. ಇಂಗ್ಲಿಷಿನಲ್ಲೇ ಗೀಚಿಬಿಡೋಣ ಎಂದಿದ್ದೆ. ಆದರೆ ನಿಮ್ಮ ತಮ್ಮ ಬಿಡಲಿಲ್ಲ. “ಇಂಗ್ಲಿಷಿನಲ್ಲಿ ಬಂದರೆ ಅಕ್ಕ ಅದನ್ನ ಆಫೀಸಿನ ಕಾಗದ ಅಂದ್ಕೊಂಡು ಪಕ್ಕಕ್ಕಿಡ್ತಾಳೆ. ಕನ್ನಡದಲ್ಲಿದ್ರೆ ಸಿಟ್ಟಿಗಾದ್ರೂ ಓದ್ತಾಳೆ” ಎಂದ. (ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪ್ರೀತಿ ಜಾಸ್ತಿಯಾದಾಗ ನನಗೆ ಬಹುವಚನ ಬರುವುದಿಲ್ಲ. ಅತ್ತೆಯ ಮುಂದೆ ಮಾತ್ರ ‘ಇವರು’ ಎನ್ನುತ್ತೇನೆ. ಅತ್ತೆಗೆ ಅದರಿಂದ ಇನ್ನೂ ನಗು.)

ಇಷ್ಟೆಲ್ಲ ಕುಣಿದಾಡುತ್ತಾ ಬರೆಯುತ್ತಿದ್ದರೂ ನಿಜ ಹೇಳುತ್ತೇನೆ ಅಕ್ಕಾ, ನನಗೆ ತುಂಬ ಸುಸ್ತಾಗಿದೆ. ಈ ಮನೆಯಲ್ಲಿ ಎಲ್ಲರಿಗೂ ಸುಸ್ತಾಗಿದೆ. ನಿಮ್ಮ ತಮ್ಮ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮನೆಗೆ ಬಂದು ಮೂರು ಮಹಡಿ ಹತ್ತುತ್ತಾನೆ, ಏಕೆಂದರೆ ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಕೂತಿದೆ. ಅದರ ಗುತ್ತಿಗೆ ಬೇರೆ ಕಂಪನಿಯದು, ಅವನು ಕೈ ಹಾಕುವಂತಿಲ್ಲ. ಬಾಗಿಲ ಮುಂದೆ ನಿಂತು ಆ ಲಿಫ್ಟನ್ನು ಅವನು ನೋಡುವ ರೀತಿ ನೀವು ನೋಡಬೇಕು, ಹಸಿದವನು ಬೇರೆಯವರ ತಟ್ಟೆ ನೋಡಿದ ಹಾಗೆ. ನಾನು ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಇಡೀ ಮಧ್ಯಾಹ್ನ ಮೂಗು ಒರೆಸಿ, ಶೂ ಕಟ್ಟಿ, ಹಾಡಿ, ಕುಣಿದು ಬಂದರೆ ಗಂಟಲಲ್ಲಿ ದನಿ ಉಳಿದಿರುವುದಿಲ್ಲ. ಇನ್ನು ಅತ್ತೆಯ ಸುಸ್ತು. ಅದು ನಮ್ಮದರಂತೆ ಸಂಜೆಗೆ ಬಂದು ಬೆಳಿಗ್ಗೆಗೆ ಹೋಗುವಂಥದ್ದಲ್ಲ. ಚಹಾದ ಕಪ್ಪು ಹಿಡಿದುಕೊಂಡೇ ಕಣ್ಣು ಮುಚ್ಚುತ್ತಾರೆ. ವಾಕ್ಯ ಶುರು ಮಾಡಿ ಅರ್ಧಕ್ಕೆ ಕೈಯಾಡಿಸಿ, “ಇರ್ಲಿ ಬಿಡು” ಎನ್ನುತ್ತಾರೆ. ಮೂವತ್ತೈದು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ ಕತ್ತು ಈಗ ನೇರ ನಿಲ್ಲುವುದೇ ಇಲ್ಲ. ನಡೆಯುವಾಗಲೂ ನೆಲದ ಮೇಲೆ ಏನೋ ಹುಡುಕುತ್ತಿರುವ ಹಾಗೆ ಕಾಣುತ್ತಾರೆ. ನಮ್ಮ ಮದುವೆಯ ದಿನ ನನ್ನ ಕಡೆಯ ಒಬ್ಬ ದೊಡ್ಡಪ್ಪ ಅವರ ಪಕ್ಕ ಕೂತು, “ತಾವು ಮುಪ್ಪಿನ ಮೇಲೆ ಸಂಶೋಧನೆ ಮಾಡೋರಂತೆ, ಏನಾದ್ರೂ ಕಂಡುಹಿಡಿದ್ರಾ?” ಎಂದು ಕೇಳಿದರು. ಅತ್ತೆ, “ಕಂಡುಹಿಡಿದಿದ್ರೆ ಮೊದಲು ನನ್ನ ಮಂಡಿಗೆ ಹಚ್ಕೋತಿದ್ದೆ” ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ ಎಂಬುದನ್ನು ನಾನೊಬ್ಬಳೇ ನೋಡಿದೆನೋ ಏನೋ. ಅವರ ಪಕ್ಕದ ಕುರ್ಚಿಯ ಮೇಲೆ ಒಂದು ಶಾಲು ಇತ್ತು. ಕೂರಲು ಹೋದ ದೊಡ್ಡಪ್ಪನನ್ನು ಇನ್ನೊಂದು ಪಕ್ಕಕ್ಕೆ ಕಳಿಸಿದ್ದರು. ಆ ಕುರ್ಚಿ ಯಾರಿಗೆ ಇಟ್ಟದ್ದೆಂದು ಆವತ್ತು ನನಗೆ ಗೊತ್ತಿರಲಿಲ್ಲ. ನಿಮ್ಮ ಆಮಂತ್ರಣದ ಮೇಲೆ ವಿಳಾಸ ಬರೆದದ್ದು ಅವರೇ ಅಂತೆ.

ನಿಮ್ಮ ವಿಷಯ ನನಗೆ ಗೊತ್ತಾದದ್ದು ಮೆಟ್ಟಿಲ ಮೇಲೆ. ಜನವರಿಯಲ್ಲಿ ಅತ್ತೆಯ ಲ್ಯಾಬನ್ನು ಖಾಲಿ ಮಾಡಿಸಿದರು, ಆ ಜಾಗ ಹೊಸಬರಿಗೆ ಬೇಕಿತ್ತಂತೆ. ಬೇರೆ ಸಾಮಾನು ಬಹುಪಾಲು ಯಾರು ಯಾರಿಗೋ ಹೋಯಿತು. ಅವರು ಮುಪ್ಪಿನ ಪ್ರಯೋಗಕ್ಕೆ ಸಾಕುವ ಸಣ್ಣ ಹುಳುಗಳನ್ನು ಒಂದೇ ಹದದ ಬಿಸುಪಿನಲ್ಲಿ ಇಡುವ ಆ ಹಳೆಯ ಇನ್‌ಕ್ಯುಬೇಟರ್ ಮಾತ್ರ ಯಾರಿಗೂ ಬೇಡವಾಯಿತು. “ಮನೆಗೆ ತರ್ತೀನಿ” ಎಂದರು ಅತ್ತೆ. ತಮ್ಮ ಹಳೆಯ ಮೈಕ್ರೋಸ್ಕೋಪನ್ನೂ ಹುಳು ಸಾಕುವ ಕೆಲವು ತಟ್ಟೆಗಳನ್ನೂ ಜೊತೆಗೆ ಉಳಿಸಿಕೊಂಡರು. ಬೀರುವಿನಷ್ಟು ದೊಡ್ಡದನ್ನು ನಿಮ್ಮ ತಮ್ಮ, ಅವನ ಜೊತೆ ಕೆಲಸ ಮಾಡುವ ಇಬ್ಬರು ಮತ್ತು ನಾನು ಮೂರನೇ ಮಹಡಿಗೆ ಹೊತ್ತೆವು. ನಾನು ಹೊತ್ತದ್ದು ಅದರ ವೈರು. ಎರಡನೇ ಮಹಡಿಯ ತಿರುವಿನಲ್ಲಿ ಎಲ್ಲರೂ ಏದುಸಿರು ಬಿಡುತ್ತಾ ನಿಂತಾಗ, ಆ ಪೆಟ್ಟಿಗೆಗೆ ಒರಗಿಕೊಂಡು ನಿಮ್ಮ ತಮ್ಮ ಹೇಳಿದ: “ಅಕ್ಕ ಮನೆ ಬಿಟ್ಟಿದ್ದು ಇದರಿಂದ್ಲೇ.” ನಾನು ಯಾವುದಾದರೂ ಪ್ರೇಮದ ವಿಷಯವಿರಬಹುದು ಎಂದುಕೊಂಡಿದ್ದೆ. ಒಂದು ಫ್ರಿಜ್ಜಿನ ಸಲುವಾಗಿ ಮನೆ ಬಿಟ್ಟವರು ಇರುತ್ತಾರೆಂದು ನನ್ನ ತಲೆಗೆ ಹೋಗಲೇ ಇಲ್ಲ. ಮೇಲೆ ಮುಟ್ಟಿದ ಮೇಲೆ, ಅತ್ತೆ ಕೆಳಗೆ ವ್ಯಾನಿನವನ ಜೊತೆ ಮಾತಾಡುತ್ತಿದ್ದಾಗ, ಅವನು ಪೂರ್ತಿ ಹೇಳಿದ.

ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತೇನೆ, ಹೊಸದಾಗಿ ಕಲಿತವಳ ಚಾಳಿ ಎಂದು ಸಹಿಸಿಕೊಳ್ಳಿ. ತಪ್ಪಿದ್ದರೆ ತಿದ್ದಿ. ಅತ್ತೆಯ ಹೆಸರು ಬಂದದ್ದು ಒಂದು ತಳಿಯಿಂದ. ಹುಳುವಿನ ಒಂದೇ ಒಂದು ಜೀನನ್ನು ಕೆಡಿಸಿದರೆ ಅದು ಸಾದಾ ಹುಳುವಿಗಿಂತ ಹೆಚ್ಚು ಕಾಲ ಬದುಕುತ್ತದೆ ಎಂದು ಅವರು ತೋರಿಸಿದರು. ಸಾದಾ ಹುಳುಗಳ ತಟ್ಟೆಗಳು ಯಾವಾಗಲೂ ಮೇಲಿನ ಶೆಲ್ಫಿನಲ್ಲಿ, ಆ ತಳಿಯವು, ಅಂದರೆ ‘ನಮ್ಮವು’, ಯಾವಾಗಲೂ ಕೆಳಗಿನ ಶೆಲ್ಫಿನಲ್ಲಿ. ಒಂದಕ್ಕೊಂದು ಬೆರೆಯಬಾರದು ಎಂಬ ಶಿಸ್ತು. ಯಾರು ಮಾಡಿದ ಶಿಸ್ತು? ಅತ್ತೆಯೇ ಮಾಡಿದ್ದು. ಮಸಾಲೆ ಡಬ್ಬಿಗಳನ್ನೂ ಎತ್ತರದ ಪ್ರಕಾರ ಜೋಡಿಸುವ ಹೆಂಗಸು ಅವರು, ನಿಮಗೆ ಗೊತ್ತು. ನೀವು ಅವರ ಲ್ಯಾಬಿಗೇ ಕೆಲಸಕ್ಕೆ ಸೇರಿ, ಒಂದು ದಿನ ಕೆಳಗಿನ ಶೆಲ್ಫಿನಲ್ಲಿ ಒಂದು ಥರ್ಮಾಮೀಟರ್ ಇಟ್ಟಿರಿ. ಪೆಟ್ಟಿಗೆಯ ಮುಖದ ಮೇಲಿನ ಅಂಕಿ ಮೇಲಿನ ಶೆಲ್ಫಿನದು. ಕೆಳಗೆ ಸ್ವಲ್ಪ ತಂಪು. ತಂಪಿನಲ್ಲಿ ಹುಳು ನಿಧಾನವಾಗಿ ಬೆಳೆಯುತ್ತದೆ, ನಿಧಾನವಾಗಿ ಮುದಿಯಾಗುತ್ತದೆ, ಹೆಚ್ಚು ಬದುಕುತ್ತದೆ. ಯಾವ ಹುಳುವಾದರೂ. ನೀವು ಅದನ್ನು ಮೊದಲು ಹೇಳಿದ್ದು ಅಡುಗೆಮನೆಯಲ್ಲಿ. “ಅಮ್ಮ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆದ್ಲು” ಎಂದ ನಿಮ್ಮ ತಮ್ಮ. ಆಮೇಲೆ ಲ್ಯಾಬಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದಿರಿ. “ತಟ್ಟೆಗಳನ್ನ ಮೇಲೆ ಕೆಳಗೆ ಅದಲುಬದಲು ಮಾಡಿ ಒಂದೇ ಒಂದು ಸಲ ಎಣಿಸೋಣ ಅಮ್ಮಾ” ಎಂದು ಕೇಳಿದಿರಿ. ಅವರು ‘ಮೇಡಂ ಅನ್ನು’ ಎಂದರಂತೆ. ಅಷ್ಟೇ. ಆ ವಾರ ನೀವು ಬಟ್ಟೆಬರೆ ಕಟ್ಟಿಕೊಂಡು ಮನೆ ಬಿಟ್ಟಿರಿ. ಹನ್ನೆರಡು ವರ್ಷವಾಯಿತು. ನೀವೀಗ ಹವಾಮಾನ ಕಚೇರಿಯಲ್ಲಿದ್ದೀರೆಂದು ಅವನು ಹೇಳಿದಾಗ ನಾನು ನಕ್ಕುಬಿಟ್ಟೆ, ಕ್ಷಮಿಸಿ. ಥರ್ಮಾಮೀಟರನ್ನು ಮಾತ್ರ ನೀವು ಬಿಡಲಿಲ್ಲ!

ಪೆಟ್ಟಿಗೆಯನ್ನು ಇಟ್ಟದ್ದು ನಿಮ್ಮ ಕೋಣೆಯಲ್ಲಿ, ಬೇರೆಲ್ಲೂ ಹಿಡಿಸಲಿಲ್ಲ. ನಿಮ್ಮ ಮೇಜು, ನಿಮ್ಮ ಕಿಟಕಿ, ನಿಮ್ಮ ಹಸಿರು ದೀಪ ಎಲ್ಲ ಇದ್ದ ಹಾಗೇ ಇವೆ, ಮಂಚದ ಜಾಗದಲ್ಲಿ ಅದು ಗುಂಯ್ ಎನ್ನುತ್ತಾ ನಿಂತಿದೆ. ಅದಾದ ವಾರಕ್ಕೆ ಅತ್ತೆ ಬೆಳಿಗ್ಗೆ ನನ್ನನ್ನು ಕರೆದು, “ಗಿರಗಿಟ್ಲೆ, ನಿನಗೆ ಎಣಿಸೋಕೆ ಬರುತ್ತಾ?” ಎಂದು ಕೇಳಿದರು. (ಅದು ನನಗಿಟ್ಟ ಹೆಸರು. ಮನೆಯಲ್ಲಿ ಒಂದು ಕಡೆ ನಿಲ್ಲುವುದಿಲ್ಲವಂತೆ ನಾನು.) ಓಡಾಡುವ ಮಕ್ಕಳನ್ನು ದಿನಾ ಎಣಿಸುವವಳು ನಾನು, ಹುಳು ಯಾವ ಲೆಕ್ಕ ಎಂದೆ. “ಹುಳುವಿನ ಬಗ್ಗೆ ಏನು ಗೊತ್ತು?” ಎಂದರು. ಏನೂ ಗೊತ್ತಿಲ್ಲ ಅತ್ತೆ ಎಂದೆ. “ಒಳ್ಳೇದಾಯ್ತು. ಅದೇ ನಿನ್ನ ಅರ್ಹತೆ” ಎಂದರು. ಜನ್ಮದಲ್ಲಿ ನನ್ನ ಅಜ್ಞಾನವನ್ನು ಹೊಗಳಿದವರು ಅವರೊಬ್ಬರೇ! ಎಣಿಸುವವಳಿಗೆ ಯಾವ ತಟ್ಟೆಯಲ್ಲಿ ಯಾವ ತಳಿ ಇದೆಯೆಂದು ತಿಳಿಯಬಾರದು. ತಿಳಿದರೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದರೆ ಕಣ್ಣು ಸುಳ್ಳು ಹೇಳುತ್ತದೆ ಎಂದರು. ತಟ್ಟೆಗಳ ಗುರುತಿನ ಮೇಲೆ ಅಂಟಿಸಲು ಏನಾದರೂ ಇದೆಯೇ ಎಂದು ಕೇಳಿದರು. ನನ್ನ ಬ್ಯಾಗಿನಲ್ಲಿ ಇದ್ದದ್ದು ಶಾಲೆಯ ಸ್ಟಿಕರುಗಳು: ಬಾತುಕೋಳಿ ಮತ್ತು ದೋಣಿ. ಹಾಗಾಗಿ ಅರ್ಧ ತಟ್ಟೆಗಳು ಬಾತುಕೋಳಿಯವು, ಅರ್ಧ ದೋಣಿಯವು. ಯಾವುದಕ್ಕೆ ಯಾವುದು ಎಂದು ಅವರೇ ಅಂಟಿಸಿದರು. ಪೆಟ್ಟಿಗೆಯಿಂದ ತೆಗೆದು ಊಟದ ಮೇಜಿನ ಮೇಲೆ ನನ್ನ ಮುಂದೆ ಇಡುವುದು, ಮತ್ತೆ ಒಳಗಿಡುವುದು ಎಲ್ಲ ಅವರೇ. ನಾನು ನೋಡಿ ಹೇಳುವುದು ಮಾತ್ರ. ದೇಶ ವಿದೇಶದ ಸಭೆಗಳಲ್ಲಿ ಮಾತಾಡಿದ ವಿಜ್ಞಾನಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ, “ಬಾತುಕೋಳೀಲಿ ಇವತ್ತು ಯಾರಾದ್ರೂ ಹೋದ್ರಾ?” ಎಂದು ಕೇಳುವುದನ್ನು ನೀವು ಕೇಳಬೇಕಿತ್ತು.

ಮೈಕ್ರೋಸ್ಕೋಪಿನಲ್ಲಿ ಮೊದಲ ಸಲ ಅವುಗಳನ್ನು ನೋಡಿದಾಗ ನಾನು ಕಿರುಚಿಕೊಂಡೆ, ಅಸಹ್ಯದಿಂದಲ್ಲ, ಖುಷಿಯಿಂದ. ಯಾರೋ ಗಾಜಿನಲ್ಲಿ ಅಲ್ಪವಿರಾಮ ಮಾಡಿ ಅದಕ್ಕೆ ಜೀವ ಕೊಟ್ಟ ಹಾಗೆ! ಒಂದೊಂದೂ ಎಷ್ಟು ಚುರುಕು! ದಿನ ಕಳೆದಂತೆ ನನ್ನ ಖುಷಿ ಇಳಿಯಿತು. ನಮ್ಮ ಮದುವೆಯ ಸಂಭ್ರಮದ ಕಾರ್ಡುಗಳು ಇನ್ನೂ ಗೋಡೆಯ ಮೇಲಿರುವಾಗಲೇ ಅವು ಮುದಿಯಾಗತೊಡಗಿದವು. ಮೊದಲು ನಡಿಗೆ ನಿಧಾನವಾಯಿತು, ಆಮೇಲೆ ಮೈ ಸುಕ್ಕಾಯಿತು. ಕೊನೆಕೊನೆಗೆ ಇದ್ದಲ್ಲೇ ಬಿದ್ದುಕೊಂಡು ತಲೆಯನ್ನಷ್ಟೇ ಅತ್ತ ಇತ್ತ ಆಡಿಸುತ್ತಿದ್ದವು. ಯಾರೋ ಕರೆದಿದ್ದಾರೆ, ಏಳಲು ಆಗುತ್ತಿಲ್ಲ ಎನ್ನುವ ಹಾಗೆ. ಒಂದು ಬೆಳಿಗ್ಗೆ ನಾನು ಅತ್ತುಬಿಟ್ಟೆ. ಅತ್ತೆ ನನ್ನ ತಲೆ ಸವರುತ್ತಾರೇನೋ ಎಂದುಕೊಂಡರೆ, “ಕಣ್ಣೀರು ತಟ್ಟೆಗೆ ಬೀಳಿಸ್ಬೇಡ, ಉಪ್ಪು” ಎಂದರು.

ಅವರ ಕಟ್ಟುನಿಟ್ಟು ಎಂಥದ್ದೆಂದು ನನಗೆ ತಿಳಿದದ್ದು ಸಾವು ಬರೆಯುವಾಗ. ಅಲ್ಲಾಡದ ಒಂದನ್ನು ನೋಡಿ ನಾನು ಆರಾಮವಾಗಿ “ದೋಣೀಲಿ ಒಂದು ಹೋಯ್ತು” ಎಂದೆ. “ಮುಟ್ಟಿದೆಯಾ?” ಎಂದರು. ಕೂದಲಿನಷ್ಟು ತೆಳುವಾದ ತಂತಿಯ ಕಡ್ಡಿ ಕೊಟ್ಟರು. ತಲೆಯ ಹತ್ತಿರ ಮೆಲ್ಲಗೆ ಒಂದು ಸಲ ಮುಟ್ಟಬೇಕು. ಕಾಯಬೇಕು. ಎರಡನೇ ಸಲ ಮುಟ್ಟಬೇಕು. ಮತ್ತೆ ಕಾಯಬೇಕು. ಮೂರನೇ ಸಲವೂ ಅಲ್ಲಾಡದಿದ್ದರೆ ಮಾತ್ರ ಸತ್ತಿದೆ ಎಂದು ಬರೆಯಬಹುದು. ತಲೆಯ ತುದಿ ಕೂದಲೆಳೆಯಷ್ಟು ಅಲ್ಲಾಡಿದರೂ ಅದು ಜೀವಂತವೇ, ನಾಳೆ ಮತ್ತೆ ನೋಡಬೇಕು. ಅವತ್ತು ಆ ದೋಣಿಯ ಹುಳು ಮೂರನೇ ಸಲಕ್ಕೆ ತಲೆಯೆತ್ತಿತು! ನನಗೆ ರೋಮಾಂಚನ. ಅವರಿಗೆ ಕೋಪ. “ನೋಡು, ಎರಡಕ್ಕೇ ಬಿಟ್ಟಿದ್ರೆ ಬದುಕಿರೋದನ್ನ ಹೂತು ಹಾಕ್ತಿದ್ದೆ ನೀನು” ಎಂದರು. ಇನ್ನೊಂದು ದಿನ ಬಾತುಕೋಳಿಯ ಒಂದು ಹುಳು ತಟ್ಟೆಯ ಗೋಡೆ ಹತ್ತಿ ಎಲ್ಲೋ ಹೊರಟುಹೋಗಿತ್ತು. ಅದನ್ನೂ ಸತ್ತವುಗಳ ಜೊತೆ ಸೇರಿಸಲು ಹೋದೆ. ಪೆನ್ನನ್ನೇ ಕಿತ್ತುಕೊಂಡರು. “ಕಣ್ಣಿಗೆ ಬೀಳ್ಲಿಲ್ಲ ಅಂತ ಸಾಯಿಸಿಬಿಡ್ತೀಯಾ? ಕೊನೇ ಸಲ ನೋಡಿದಾಗ ಬದುಕಿತ್ತು ಅಂತ ಬರಿ. ನಮಗೆ ಗೊತ್ತಿರೋದು ಅಷ್ಟೇ.” ಆಮೇಲೆ ಮುಚ್ಚಳದ ಅಂಚನ್ನು, ಟ್ರೇಯ ಸಂದುಗಳನ್ನು ಭೂತಗನ್ನಡಿ ಹಿಡಿದು ತಾವೇ ಹುಡುಕುತ್ತಾ ಕೂತರು. ಸಿಗುವುದಿಲ್ಲ, ಅಷ್ಟರಲ್ಲಿ ಒಣಗಿಹೋಗಿರುತ್ತದೆ ಎಂದು ಅವರಿಗೆ ಗೊತ್ತು. ಆದರೂ ತಿಂಡಿ ಆರಿಹೋಗುವ ತನಕ ಹುಡುಕಿದರು.

ನಾನು ಮೊದಲ ವಾರದಿಂದಲೇ ಬಾತುಕೋಳಿಗಳ ಪಕ್ಷ. ಆಸೆ ಹುಟ್ಟಬಾರದೆಂದು ಸ್ಟಿಕರು ಅಂಟಿಸಿದರೆ ನಾನು ಸ್ಟಿಕರಿನ ಮೇಲೇ ಆಸೆ ಇಟ್ಟೆ! ದೋಣಿಗಳು ಒಂದೊಂದಾಗಿ ಮುಳುಗುತ್ತಾ ಬಂದವು. ಬಾತುಕೋಳಿಗಳು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗ ದೋಣಿಗಳು ಪೂರ್ತಿ ಮುಗಿದವು. ನಾನು ಕುರ್ಚಿಯಿಂದ ಹಾರಿ ಚಪ್ಪಾಳೆ ತಟ್ಟಿದೆ. “ಅತ್ತೇ, ನಿಮ್ಮವು ಗೆದ್ದವು! ಬಾತುಕೋಳಿ ನಿಮ್ಮ ತಳಿ ಅಂತ ನನಗೆ ಆವಾಗಲೇ ಗೊತ್ತಿತ್ತು!” ಎಂದೆ. ನಿಮ್ಮ ತಮ್ಮನಿಗೆ ಕೆಲಸದ ಜಾಗಕ್ಕೇ ಫೋನ್ ಮಾಡಿ, ಅಮ್ಮನೇ ಸರಿ ಎಂದು ಕೂಗಿ ಹೇಳಿದೆ. ಅವನು ಯಾವುದೋ ಲಿಫ್ಟಿನ ಬಾವಿಯೊಳಗಿದ್ದ, “ಹೌದಾ?” ಎಂದ ದನಿ ಪಾತಾಳದಿಂದ ಬಂದ ಹಾಗೆ ಬಂತು. ಅತ್ತೆ ಕಡ್ಡಿಯನ್ನು ಒರೆಸಿ, ಅದರ ಡಬ್ಬಿಯಲ್ಲಿಟ್ಟು, “ಇನ್ನೂ ಬದುಕಿರೋವು ಇವೆ. ಕೊನೇದು ಹೋಗೋ ತನಕ ಎಣಿಸು” ಎಂದರು.

ಕೊನೆಯ ಬಾತುಕೋಳಿ ಹೋದದ್ದು ನಿನ್ನೆಯಲ್ಲ, ಅದರ ಹಿಂದಿನ ಶನಿವಾರ. ಮೂರು ಸಲ ಮುಟ್ಟಿದೆ. ಅತ್ತೆಯೂ ನೋಡಿದರು. ಮಧ್ಯಾಹ್ನ ನಿಮ್ಮ ತಮ್ಮ ಮನೆಗೆ ಬಂದ ಮೇಲೆ ಮೂವರೂ ಮೇಜಿನ ಸುತ್ತ ಕೂತೆವು. ನಾನು ಕೇಕು ಬೇರೆ ತಂದಿಟ್ಟಿದ್ದೆ, ಏನು ಮಾಡಲಿ, ನನ್ನ ಬುದ್ಧಿಯೇ ಹಾಗೆ. ಅತ್ತೆ ಒಂದು ಬಾತುಕೋಳಿ ತಟ್ಟೆ ತೆಗೆದುಕೊಂಡು ಉಗುರಿನಿಂದ ಸ್ಟಿಕರನ್ನು ಎಬ್ಬಿಸಿದರು. ಅದು ಬಲವಾಗಿ ಅಂಟಿತ್ತು, ಕೊಕ್ಕು ಮೊದಲು ಬಂತು, ಆಮೇಲೆ ಹೊಟ್ಟೆ. ಕೆಳಗೆ ಅವರದೇ ಅಕ್ಷರದಲ್ಲಿ ‘ಸಾದಾ’ ಎಂದಿತ್ತು. ಪಕ್ಕದಲ್ಲಿ ‘ಕೆಳಗೆ’ ಎಂದಿತ್ತು. ನನಗೆ ಅರ್ಥವಾಗಲಿಲ್ಲ, ಎಲ್ಲೋ ತಪ್ಪಾಗಿ ಅಂಟಿಸಿದ್ದೀರಿ ಅತ್ತೆ ಎಂದೆ. ನಿಮ್ಮ ತಮ್ಮ ಮೇಜಿನ ಕೆಳಗೆ ನನ್ನ ಕೈ ಹಿಡಿದ. ಅವರು ದೋಣಿಯ ತಟ್ಟೆ ತೆಗೆದು ಅದನ್ನೂ ಸುಲಿದರು. ‘ನಮ್ಮದು’, ‘ಮೇಲೆ’. ಅಕ್ಕಾ, ನೀವು ಹನ್ನೆರಡು ವರ್ಷದ ಹಿಂದೆ ಕೇಳಿದ್ದನ್ನು ಅವರು ಮಾಡಿದ್ದರು. ಅದಲುಬದಲು. ತಳಿ ಯಾವುದೆಂಬುದು ಲೆಕ್ಕಕ್ಕೇ ಬರಲಿಲ್ಲ. ಕೆಳಗಿದ್ದದ್ದು ಉಳಿಯಿತು, ಮೇಲಿದ್ದದ್ದು ಹೋಯಿತು. ಅವರು ಉಳಿದ ಸ್ಟಿಕರುಗಳನ್ನೂ ಒಂದೊಂದಾಗಿ ಸುಲಿದರು, ಏನೂ ಬೇರೆ ಬರುವುದಿಲ್ಲವೆಂದು ಗೊತ್ತಿದ್ದೂ. ಎಲ್ಲ ಮುಗಿದ ಮೇಲೆ, “ಸರಿ” ಎಂದರು. ಆಮೇಲೆ ಕೇಕಿನ ಕಡೆ ನೋಡಿ, “ಕೊಡು ಒಂದು ತುಂಡು, ಹುಡುಗಿ ತಂದಿದ್ದಾಳೆ” ಎಂದರು. ಆ ತುಂಡನ್ನು ಪೂರ್ತಿ ತಿಂದರು ಅಕ್ಕಾ. ನನ್ನದನ್ನು ನಾನು ನಿಮ್ಮ ತಮ್ಮನ ಕಡೆ ಸರಿಸಿದೆ.

ಆ ರಾತ್ರಿ ಮಲಗಿದವರು ಮರುದಿನ ಹೊತ್ತೇರಿದರೂ ಏಳಲಿಲ್ಲ. ನಿಮ್ಮ ತಮ್ಮ ಬಾಗಿಲ ಹತ್ತಿರ ಹೋಗುವುದು, ಬರುವುದು, ಮತ್ತೆ ಹೋಗುವುದು. ಕೊನೆಗೆ ನಾನೇ ಒಳಗೆ ಹೋಗಿ ಭುಜವನ್ನು ಮೆಲ್ಲಗೆ ಮುಟ್ಟಿದೆ. ಕಣ್ಣು ಬಿಡದೆಯೇ, “ಇನ್ನೂ ಎರಡು ಸಲ ಬಾಕಿ” ಎಂದರು! ನಾನು ಅಲ್ಲೇ ಕೂತು ನಗುವುದು, ಅಳುವುದು ಎರಡೂ ಮಾಡಿದೆ. ಅವರು ಸರಿದು ಜಾಗ ಕೊಟ್ಟರು, ಪಕ್ಕದಲ್ಲಿ ಮಲಗಿಕೊಂಡೆ. ಆವಾಗ ಅವರು ಸೀಲಿಂಗನ್ನು ನೋಡುತ್ತಾ ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ: “ಜನ ಅಂದ್ಕೋತಾರೆ, ಕೆಲಸ ಮಾಡಿ ಮಾಡಿ ದಣಿದಿದ್ದಾಳೆ ಅಂತ. ಕೆಲಸ ಯಾರನ್ನೂ ಹೀಗೆ ದಣಿಸಲ್ಲ ಕಣೇ. ಬೇರೆ ಲ್ಯಾಬಿನವರು ಮಾಡಿ ನೋಡಿದ್ರು, ಅವರಿಗೆ ಅದೇ ಫಲಿತಾಂಶ ಬರ್ಲಿಲ್ಲ. ಅವರ ಕೈ ಸರಿಯಿಲ್ಲ ಅಂದೆ. ಒಬ್ಬೊಬ್ಬರೇ ನಮ್ಮ ತಳಿ ಬಗ್ಗೆ ಬರೆಯೋದು ಬಿಟ್ರು. ಹೊಟ್ಟೆಕಿಚ್ಚು ಅಂದೆ. ಒಳಗೆ ಮಾತ್ರ ಅವಳು ಥರ್ಮಾಮೀಟರ್ ಇಟ್ಟ ದಿನದಿಂದ್ಲೂ ಅನುಮಾನ. ದಿನಾ ಬೆಳಿಗ್ಗೆ ಬಂದು ಆ ಬಾಗಿಲು ತೆಗೆಯೋದು, ಕೆಳಗಿನ ಶೆಲ್ಫಿಗೆ ಕೈ ಹಾಕೋದು, ಕೈಗೆ ತಂಪು ಗೊತ್ತಾಗದ ಹಾಗೆ ಬೇಗ ತೆಗೆಯೋದು. ಒಂದು ಸಲ ನೋಡಿಬಿಡೋಕೆ ಒಂದೂವರೆ ತಿಂಗಳು ಸಾಕಿತ್ತು. ನೋಡದೇ ಇರೋದ್ರಲ್ಲಿ ನನ್ನ ಆಯಸ್ಸು ಹೋಯ್ತು.” ಇಷ್ಟು ಹೇಳಿ, “ಚಹಾ ಇಡು” ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಶುಕ್ರವಾರ ಸಂಜೆ ನಾಲ್ಕಕ್ಕೆ ಸಂಸ್ಥೆಯ ದೊಡ್ಡ ಸಭಾಂಗಣದಲ್ಲಿ ಅವರಿಗೆ ಬೀಳ್ಕೊಡುಗೆ ಇದೆ. ಅವರೇ ಮಾತಾಡಬೇಕು. ಆ ತಳಿಯ ಬಗ್ಗೆಯೇ. ಒಂದೇ ಪುಟ ಬರೆದಿಟ್ಟಿದ್ದಾರೆ. ಫಲಿತಾಂಶ ತಪ್ಪು, ಕಾರಣ ಶೆಲ್ಫು, ಅದನ್ನು ಮೊದಲು ಹೇಳಿದ್ದು ನನ್ನ ಮಗಳು, ಆಗ ನಾನು ಕೇಳಲಿಲ್ಲ. ಇಷ್ಟೇ. ಅಲಂಕಾರವೇ ಇಲ್ಲ. ಸಂಸ್ಥೆಯ ನಿರ್ದೇಶಕರಿಗೆ ಮೊದಲೇ ಫೋನಿನಲ್ಲಿ ತಿಳಿಸಿದರು. ಅವರು ಗಾಬರಿಯಾಗಿ, “ಮೇಡಂ, ಬೀಳ್ಕೊಡುಗೆ ದಿನ ಇದೆಲ್ಲ ಯಾಕೆ?” ಎಂದದ್ದು ನನಗೂ ಕೇಳಿಸಿತು. ಅತ್ತೆ, “ಬೀಳ್ಕೊಡುಗೆ ಅಲ್ವಾ, ಅದಕ್ಕೇ” ಎಂದರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಆದರೆ ಎರಡೇ ದಿನಕ್ಕೆ ಎಲ್ಲ ಇಳಿದುಹೋಯಿತು. ಈಗ ಹೋಗುವುದೇ ಇಲ್ಲ ಎನ್ನುತ್ತಿದ್ದಾರೆ. ಹುಷಾರಿಲ್ಲ ಎಂದು ಚೀಟಿ ಕಳಿಸಿಬಿಡು ಎಂದು ನಿಮ್ಮ ತಮ್ಮನಿಗೆ ಹೇಳಿದ್ದಾರೆ. ಅವಮಾನದ ಹೆದರಿಕೆಯಲ್ಲ ಅಕ್ಕಾ. “ಯಾರು ಕೇಳ್ಬೇಕೋ ಅವಳಿಲ್ಲ. ಉಳಿದೋರಿಗೆ ಹೇಳೋಕೆ ಅಷ್ಟೊಂದು ಮೆಟ್ಟಿಲು ಯಾಕೆ ಇಳೀಬೇಕು?” ಎಂದರು. ನಿಮ್ಮ ತಮ್ಮ, “ಬೇಕಾದ್ರೆ ಹೊತ್ಕೊಂಡು ಇಳಿಸ್ತೀನಿ, ಇನ್‌ಕ್ಯುಬೇಟರನ್ನೇ ಹೊತ್ತಿದ್ದೀನಿ” ಎಂದ. ಅವರು ನಕ್ಕರು, ಆದರೆ ಮಾತು ಬದಲಿಸಲಿಲ್ಲ. ಆ ಪುಟ ನಿಮ್ಮ ಈ ಮೇಜಿನ ಮೇಲೆ, ನನ್ನ ಮೊಣಕೈ ಹತ್ತಿರವೇ ಇದೆ. ಮೇಲೆ ನಿಮ್ಮ ಥರ್ಮಾಮೀಟರನ್ನು ಭಾರಕ್ಕೆ ಇಟ್ಟಿದ್ದಾರೆ. ಹೌದು, ಅದೇ. ಎಸೆದಿರಲಿಲ್ಲ. ಇಷ್ಟು ವರ್ಷ ಲ್ಯಾಬಿನ ಡ್ರಾಯರಿನಲ್ಲಿ ಹತ್ತಿಯಲ್ಲಿ ಸುತ್ತಿಟ್ಟಿದ್ದರು.

ಬರೆದು ಬರೆದು ಬೆರಳು ಮರಗಟ್ಟಿತು, ಇನ್ನು ಸಾಕು ಮಾಡುತ್ತೇನೆ. ನಿಮ್ಮ ಕೋಣೆಯ ಕಿಟಕಿಯಿಂದ ಬಿಸಿಲು ಒಳಗೆ ಬಂದು ಪೆಟ್ಟಿಗೆಯ ಮೇಲೆ ಬಿದ್ದಿದೆ. ಅದನ್ನು ಈಗ ಆರಿಸಿದ್ದೇವೆ. ಗುಂಯ್ ಎನ್ನುವುದು ನಿಂತ ಮೇಲೆ ಮನೆ ಎಷ್ಟು ಖಾಲಿಯೆನಿಸುತ್ತದೆ ಗೊತ್ತೇ! ನಿಮಗೆ ಏನು ಹೇಳಲಿ ಎಂದು ನಾನು ಕೇಳಿದರೆ ನಿಮ್ಮ ತಮ್ಮ, “ಏನೂ ಬೇಡ, ಚೆನ್ನಾಗಿರು ಅಂತ ಬರಿ” ಎಂದು ಆಚೆ ಹೋಗಿ ಮೂಗು ಒರೆಸಿಕೊಂಡ. ನಿಮ್ಮ ಕಾಲಿಗೆ ನನ್ನ ನಮಸ್ಕಾರ. ದೊಡ್ಡವರಾದ ನೀವು ನಮ್ಮಿಬ್ಬರಿಗೂ ಒಳ್ಳೆಯದಾಗಲಿ ಎಂದು ಹರಸಿ. ಮದುವೆಯ ದಿನದ ಹರಕೆ ನಿಮ್ಮ ಕಡೆಯಿಂದ ಇನ್ನೂ ಬಾಕಿಯಿದೆ, ನಾನು ಮರೆಯುವವಳಲ್ಲ.

ಇತಿ ನಿಮ್ಮ ಪ್ರೀತಿಯ,
ತಮ್ಮನ ಹೆಂಡತಿ
(ಈ ಮನೆಯ ಗಿರಗಿಟ್ಲೆ)

ಮರೆತಿದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಒಳಗೆ ಬಂದರು. ಯಾರಿಗೆ ಎಂದು ಕೇಳಿದರು, ನನಗೆ ಸುಳ್ಳು ಹೇಳಲು ಬರುವುದಿಲ್ಲ. “ಆ ಥರ್ಮಾಮೀಟರ್ ಸರಿಯಾಗೇ ಇತ್ತು ಅಂತ ಬರಿ” ಎಂದರು. ಬರೆದಿದ್ದೇನೆ. ಆಮೇಲೆ, “ಪ್ರಯೋಜನ ಇಲ್ಲ ಬಿಡು, ಎರಡು ಸಲ ಆಯ್ತು” ಎಂದರು. ಮದುವೆಯ ಆಮಂತ್ರಣ ಒಂದು ಸಲ. ಮೊನ್ನೆ ಕೇಕು ತಿಂದ ಸಂಜೆ ನಿಮಗೆ ಫೋನ್ ಮಾಡಿದ್ದರಂತೆ, ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತಂತೆ, ಅದು ಎರಡನೇ ಸಲ. ಎರಡಕ್ಕೆ ನನ್ನನ್ನು ಯಾವತ್ತಾದರೂ ಬರೆಯಲು ಬಿಟ್ಟಿದ್ದೀರಾ ಅತ್ತೆ ಎಂದು ಕೇಳಿದೆ. ಅವರು ಹೋಗಿ ಸ್ಟಾಂಪು ತಂದುಕೊಟ್ಟರು. ಅಕ್ಕಾ, ಈ ಪತ್ರ ಮೂರನೇ ಸಲ. ಶುಕ್ರವಾರ ಬಂದರೆ ಸರಿ, ಬರಲಾಗದಿದ್ದರೆ ಅದಕ್ಕೆ ಮೊದಲು ಮನೆಗೆ ಒಂದು ಫೋನ್ ಮಾಡಿ. ಮಾತಾಡದೆ ಇಟ್ಟುಬಿಟ್ಟರೂ ಪರವಾಗಿಲ್ಲ. ಕೂದಲೆಳೆಯಷ್ಟು ಅಲ್ಲಾಡಿದರೆ ಸಾಕು, ನಾನು ಅವರನ್ನು ಮೆಟ್ಟಿಲು ಇಳಿಸುತ್ತೇನೆ.